ಬ್ರೂಡರ್‌ನಲ್ಲಿ ಮೂರನೆಯ ವಾರದ ಮರಿಗಳು ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತಿವೆ: ಕೊಕ್ಕು ಕತ್ತರಿಸಬೇಕೇ, ಬೇರೆ ದಾರಿ ಇದೆಯೇ?

ತೆಂಗಿನತೋಟ, ತಿಪಟೂರು

ಎಲ್ಲರಿಗೂ ನಮಸ್ಕಾರ. ಒಂದು ದಿನದ ನೂರೈವತ್ತು ಸ್ವರ್ಣಧಾರ ತಳಿಯ ಕೋಳಿಮರಿಗಳನ್ನು ತಂದು, ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಅವು ಚದುರದಂತೆ ಸುತ್ತ ತಗಡಿನ ಚಿಕ್ ಗಾರ್ಡ್ ನಿಲ್ಲಿಸಿ, ಭತ್ತದ ಹೊಟ್ಟು ಹರಡಿ, ಬಲ್ಬಿನ ಶಾಖದಲ್ಲಿ ಮರಿ ಬೆಳೆಸುವ ಬ್ರೂಡರ್ ಮಾಡಿದ್ದೇನೆ. ಈಗ ಅವಕ್ಕೆ ಮೂರನೆಯ ವಾರ ನಡೆಯುತ್ತಿದೆ. ರಾಣಿಖೇತ್ ಮತ್ತು ಗಂಬೊರೊ ಎಂಬ ಕೋಳಿರೋಗಗಳ ಲಸಿಕೆಗಳು ಆಗಿವೆ. ಮೊದಲೆರಡು ವಾರ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಬಾಲದ ಗರಿಗಳು ಮೂಡತೊಡಗಿದ ಮೇಲೆ ಕೆಲವು ಮರಿಗಳು ಉಳಿದವುಗಳ ಬಾಲದ ಬುಡಕ್ಕೆ ಬಾಯಿ ಹಾಕುತ್ತಿವೆ.

ಇವತ್ತು ಬೆಳಿಗ್ಗೆ ಒಂದು ಮರಿಯ ಬಾಲದ ಬುಡದಲ್ಲಿ ಕಾಸಿನಗಲ ಚರ್ಮ ಬೋಳಾಗಿ, ಅದರ ಮೇಲೆ ಕಪ್ಪು ರಕ್ತ ಹೆಪ್ಪುಗಟ್ಟಿತ್ತು. ಒಂದು ಮರಿ ಬಂದು ಅಲ್ಲಿಗೇ ಕುಕ್ಕಿ ಹೋದರೆ ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು. ಪೆಟ್ಟು ತಿನ್ನುವ ಮರಿ ಓಡುವುದನ್ನೂ ಬಿಟ್ಟು, ತಗಡಿಗೆ ತಲೆ ಒತ್ತಿಕೊಂಡು ನಿಂತಿತ್ತು. ಇಂಥವು ಈಗ ಏಳೆಂಟು ಆಗಿವೆ, ಎರಡು ಸತ್ತಿವೆ. ಕೊಕ್ಕು ಕತ್ತರಿಸಿಬಿಡಿ ಎಂದು ಒಬ್ಬರು ಹೇಳಿದರು, ನೀರಿಗೆ ಉಪ್ಪು ಹಾಕಿ ಎಂದು ಇನ್ನೊಬ್ಬರು ಹೇಳಿದರು. ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಜವಾರಿ ಕೋಳಿ, ರಾಣೆಬೆನ್ನೂರು

ಅಣ್ಣ, ಸರಿ ತಪ್ಪಿನ ವಿಚಾರ ಆಮೇಲೆ ನೋಡೋಣ. ಗಾಯವಾಗಿರುವ ಮರಿಗಳನ್ನು ಈಗಲೇ ಹೊರಗೆ ತೆಗೆಯಿರಿ, ನಾಳೆಯವರೆಗೆ ಕಾಯಬೇಡಿ. ರಕ್ತದ ಬಣ್ಣ ಒಮ್ಮೆ ಕಣ್ಣಿಗೆ ಬಿದ್ದರೆ, ಕುಕ್ಕುವ ಚಟವಿಲ್ಲದ ಮರಿಯೂ ಬಂದು ಒಂದು ಏಟು ಹಾಕುತ್ತದೆ. ಒಂದು ರಟ್ಟಿನ ಪೆಟ್ಟಿಗೆಗೆ ಹೊಟ್ಟು ಹಾಕಿ, ಗಾಯಗೊಂಡ ಎಲ್ಲವನ್ನೂ ಅದರಲ್ಲಿ ಜೊತೆಯಾಗಿಯೇ ಬಿಡಿ. ಇಷ್ಟು ಚಿಕ್ಕ ಮರಿ ಒಂಟಿಯಾದರೆ ಕೂಗಿ ಕೂಗಿ ಮೇವು ಬಿಡುತ್ತದೆ.

ಗಾಯವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಒರೆಸಿ, ಅರಿಶಿನವನ್ನು ಬೇವಿನ ಎಣ್ಣೆಯಲ್ಲಿ ಕಲಸಿ ಹಚ್ಚುವುದು ನಮ್ಮ ಕಡೆಯ ರೂಢಿ. ಬೇವಿನ ಕಹಿಗೆ ಉಳಿದವು ಮತ್ತೆ ಬಾಯಿ ಹಾಕಲು ಹಿಂಜರಿಯುತ್ತವೆ. ಔಷಧ ಅಂಗಡಿಯಲ್ಲಿ ಸಿಗುವ ನೇರಳೆ ಬಣ್ಣದ ಜೆನ್ಶಿಯನ್ ವಯೊಲೆಟ್ ಹಚ್ಚಿದರೂ ನಡೆಯುತ್ತದೆ, ಅದು ರಕ್ತದ ಕೆಂಪನ್ನು ಮುಚ್ಚುತ್ತದೆ. ಕೆಂಪು ಬಣ್ಣದ ಯಾವ ಔಷಧವನ್ನೂ ಮಾತ್ರ ಹಚ್ಚಬೇಡಿ.

ಇನ್ನು ನನ್ನ ಪ್ರಶ್ನೆಗಳು. ಗಾರ್ಡಿನ ಅಗಲ ಎಷ್ಟು? ಬಲ್ಬು ಎಷ್ಟು, ಯಾವ ಎತ್ತರದಲ್ಲಿವೆ, ರಾತ್ರಿಯಿಡೀ ಉರಿಯುತ್ತವೆಯೇ? ಮೇವಿನ ತೊಟ್ಟಿಗಳು ಎಷ್ಟು? ಮೇವು ಬರೀ ಚಿಕ್ ಮ್ಯಾಶೋ (ಮರಿಗಳಿಗೆಂದು ಸಿಗುವ ಸಿದ್ಧ ಪುಡಿ ಮೇವು), ಅದರ ಜೊತೆಗೆ ಮನೆಯ ಕಾಳು ನುಚ್ಚು ಸೇರಿಸಿದ್ದೀರೋ? ಇಷ್ಟು ಗೊತ್ತಾಗದೆ ಹೇಳುವ ಮಾತು ಕತ್ತಲಲ್ಲಿ ಕಲ್ಲು ಹೊಡೆದಂತಾಗುತ್ತದೆ.

ನಿವೃತ್ತ ಪಶುವೈದ್ಯ, ಮೈಸೂರು

ರಾಣೆಬೆನ್ನೂರಿನವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರುವುದರೊಳಗೆ ಒಂದು ಮಾತನ್ನು ಹೇಳಿಬಿಡುತ್ತೇನೆ. ಮರಿಗಳು ಕುಕ್ಕಾಡುತ್ತಿವೆ ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು, ಕೊಕ್ಕು ಬೀಳುತ್ತಿರುವುದು ಮೈಯ ಯಾವ ಭಾಗಕ್ಕೆ ಎಂಬುದನ್ನು. ತಲೆಗೆ ಬೀಳುವ ಕುಕ್ಕು, ಕಾಲ್ಬೆರಳಿಗೆ ಬೀಳುವ ಕುಕ್ಕು, ಗುದದ್ವಾರಕ್ಕೆ ಬೀಳುವ ಕುಕ್ಕು ಮತ್ತು ಬಾಲದ ಬುಡಕ್ಕೆ ಬೀಳುವ ಕುಕ್ಕು ಹೊರನೋಟಕ್ಕೆ ಒಂದೇ ಬಗೆಯ ಜಗಳದಂತೆ ಕಂಡರೂ ಇವುಗಳ ಮೂಲ ಬೇರೆ ಬೇರೆ, ಆದ್ದರಿಂದ ಮದ್ದೂ ಬೇರೆ.

ತಲೆ ಮತ್ತು ಜುಟ್ಟಿನ ಕಡೆಗೆ ಎದುರುಬದುರಾಗಿ ನಿಂತು ಕುಕ್ಕುವುದು ನಿಜವಾದ ಜಗಳ. ಗುಂಪಿನಲ್ಲಿ ಯಾರು ಮೇಲು, ಯಾರು ಕೆಳಗು ಎಂಬುದನ್ನು ಕೋಳಿಗಳು ಹೀಗೆ ತೀರ್ಮಾನ ಮಾಡಿಕೊಳ್ಳುತ್ತವೆ. 1920ರ ದಶಕದ ಆರಂಭದಲ್ಲಿ ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಎಂಬ ಪ್ರಾಣಿಶಾಸ್ತ್ರಜ್ಞರು ಕೋಳಿಗಳ ಈ ಶ್ರೇಣಿಯನ್ನು ಮೊದಲ ಬಾರಿಗೆ ವಿವರವಾಗಿ ಬರೆದರು. ಇಂಥ ಜಗಳ ಕೆಲವು ಕ್ಷಣ ನಡೆದು, ಒಂದು ಮರಿ ತಲೆ ತಗ್ಗಿಸಿ ಸರಿದರೆ ಮುಗಿಯುತ್ತದೆ. ಅದರಲ್ಲಿ ನಾವು ಕೈ ಹಾಕಬೇಕಾಗಿಲ್ಲ.

ಕಾಲ್ಬೆರಳಿಗೆ ಕುಕ್ಕುವುದು ಹೆಚ್ಚಾಗಿ ಮೊದಲ ವಾರದ ಕಾಯಿಲೆ. ಮೇವು ಎಲ್ಲಿದೆ ಎಂದು ಇನ್ನೂ ತಿಳಿಯದ, ಹೊಟ್ಟೆ ತುಂಬದ ಮರಿ, ಬೆಳಕಿನಲ್ಲಿ ಚಲಿಸುವ ಬೆರಳನ್ನು ಕಾಳೆಂದು ಕುಕ್ಕುತ್ತದೆ. ಗುದದ್ವಾರಕ್ಕೆ ಕುಕ್ಕುತ್ತಿದ್ದರೆ ಅಲ್ಲಿ ಹಿಕ್ಕೆ ಒಣಗಿ ಅಂಟಿಕೊಂಡಿದೆಯೇ ಎಂದು ಮರಿಯನ್ನು ತಿರುಗಿಸಿ ನೋಡಬೇಕು; ಅಂಟಿದ್ದರೆ ಬೆಚ್ಚನೆಯ ನೀರಿನ ಬಟ್ಟೆಯಿಂದ ನೆನೆಸಿ ಬಿಡಿಸಬೇಕು, ಕಿತ್ತರೆ ಚರ್ಮವೇ ಬರುತ್ತದೆ. ಮೂರರಿಂದ ಆರು ವಾರದ ಮರಿಯೊಂದು ತನ್ನ ಗುದವನ್ನು ತಾನೇ ಕುಕ್ಕಿಕೊಳ್ಳುತ್ತಾ, ಮಂಕಾಗಿ, ಬಿಳಿ ನೀರಿನಂತೆ ಭೇದಿ ಮಾಡುತ್ತಿದ್ದರೆ ಅದನ್ನು ಕುಕ್ಕಾಟವೆಂದು ತಳ್ಳಿಹಾಕಬೇಡಿ, ಗಂಬೊರೊ ಕಾಯಿಲೆಯ ಮೊದಲ ಲಕ್ಷಣಗಳಲ್ಲಿ ಇದೂ ಒಂದು. ಲಸಿಕೆ ಆಗಿದ್ದರೂ ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.

ನಿಮ್ಮ ಮರಿಗಳದ್ದು ನಾಲ್ಕನೆಯ ಬಗೆ. ಹೊಸ ಗರಿ ಮೂಡುವಾಗ ಅದರ ಬುಡದ ಕೊಳವೆಯಲ್ಲಿ ರಕ್ತ ತುಂಬಿರುತ್ತದೆ, ಮುರಿದರೆ ಸಾಕು ಹರಿಯುತ್ತದೆ. ಬಾಲದ ಬುಡದಲ್ಲಿ ಗರಿಗೆ ಎಣ್ಣೆ ಒದಗಿಸುವ ಗ್ರಂಥಿಯೂ ಇದೆ, ಆ ಸಣ್ಣ ಉಬ್ಬೂ ಕೊಕ್ಕನ್ನು ಸೆಳೆಯುತ್ತದೆ. ಗಮನಿಸಿ ನೋಡಿ: ಹೀಗೆ ಕುಕ್ಕುವ ಮರಿ ಕೋಪದಿಂದ ಗರಿ ಕೆದರಿ ಬರುವುದಿಲ್ಲ, ಹಿಂದಿನಿಂದ ನಿಧಾನವಾಗಿ ಬಂದು, ಹೊಟ್ಟಿನಲ್ಲಿ ಕಾಳು ಹುಡುಕುವ ರೀತಿಯಲ್ಲೇ ಕೊಕ್ಕು ಇಡುತ್ತದೆ. ನೆಲ ಕೆದಕಿ ಮೇವು ಹುಡುಕುವ ಸಹಜ ಪ್ರವೃತ್ತಿಗೆ ಬೇರೆ ಎಡೆ ಸಿಗದಿದ್ದಾಗ ಅದು ಪಕ್ಕದ ಮರಿಯ ಗರಿಯ ಕಡೆಗೆ ತಿರುಗುತ್ತದೆ. ಇಕ್ಕಟ್ಟು, ಅತಿ ಶಾಖ, ಅತಿ ಬೆಳಕು, ಮೇವಿನಲ್ಲಿ ಪ್ರೋಟೀನು ಅಥವಾ ಉಪ್ಪಿನ ಕೊರತೆ, ಇವುಗಳಲ್ಲಿ ಯಾವುದಿದ್ದರೂ ಈ ತಿರುವು ಬೇಗ ಆಗುತ್ತದೆ.

ಉಪ್ಪಿನ ನೀರಿನ ವಿಷಯದಲ್ಲಿ ಎಚ್ಚರವಿರಲಿ. ಹಳೆಯ ಕೈಪಿಡಿಗಳಲ್ಲಿ ಈ ಸಲಹೆ ಇರುವುದು ನಿಜ. ಆದರೆ ಮೇವಿನಲ್ಲಿ ಉಪ್ಪು ಸಾಕಷ್ಟಿರುವಾಗ ಕುಡಿಯುವ ನೀರಿಗೂ ಹಾಕಿದರೆ, ಬೇರೆ ನೀರಿಲ್ಲದ ಮರಿ ಅದನ್ನೇ ಕುಡಿದು ಭೇದಿ ಮಾಡಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿ ಸಾಯುವುದೂ ಉಂಟು.

ತೆಂಗಿನತೋಟ, ತಿಪಟೂರು

ಗಾಯದ ಮರಿಗಳನ್ನು ಬೇರೆ ಮಾಡಿ ನೇರಳೆ ಔಷಧ ಹಚ್ಚಿದ್ದೇನೆ. ಕೇಳಿದ ವಿವರಗಳು ಹೀಗಿವೆ. ಗಾರ್ಡು ಏಳಡಿ ಅಗಲದ ವೃತ್ತ, ಮರಿ ಬಂದ ದಿನ ಇಟ್ಟ ಅಳತೆಯೇ ಈಗಲೂ ಇದೆ. ಮರಿಗೆ ಎರಡು ವ್ಯಾಟ್ ಎಂಬ ಲೆಕ್ಕದಲ್ಲಿ ನೂರು ವ್ಯಾಟಿನ ಮೂರು ಸಾದಾ ಬಲ್ಬುಗಳಿವೆ, ಹಗಲು ರಾತ್ರಿ ಉರಿಯುತ್ತವೆ. ನಾಲ್ಕಡಿ ಉದ್ದದ ಎರಡು ಮೇವಿನ ತೊಟ್ಟಿಗಳಿವೆ. ಎರಡನೆಯ ವಾರದ ಕೊನೆಯಿಂದ ಮ್ಯಾಶಿಗೆ ಸಮಸಮ ಮುಸುಕಿನ ಜೋಳದ ನುಚ್ಚು ಬೆರೆಸುತ್ತಿದ್ದೇವೆ, ಮ್ಯಾಶಿನ ಬೆಲೆ ಎಲ್ಲರಿಗೂ ಗೊತ್ತೇ ಇದೆ. ಕೋಣೆಯ ಮೇಲೆ ತಗಡಿನ ಸೂರು, ಮಧ್ಯಾಹ್ನ ಅಟ್ಟದ ಕೆಳಗೆ ಧಗೆ ಇರುತ್ತದೆ. ಗೋಡೆಯ ಥರ್ಮಾಮೀಟರ್ ಈ ಏಪ್ರಿಲ್ ಬಿಸಿಲಿನಲ್ಲಿ, ಬಲ್ಬಿನಿಂದ ದೂರದಲ್ಲೂ, 97 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದೆ.

ಜವಾರಿ ಕೋಳಿ, ರಾಣೆಬೆನ್ನೂರು

ಅಣ್ಣ, ಏಳಡಿ ವೃತ್ತವೆಂದರೆ ಸುಮಾರು ಮೂವತ್ತೆಂಟು ಚದರಡಿ. ನೂರೈವತ್ತು ಮರಿಗೆ ಹಂಚಿದರೆ ಒಂದಕ್ಕೆ ಕಾಲು ಚದರಡಿ ಬರುತ್ತದೆ, ಈ ವಯಸ್ಸಿಗೆ ಅರ್ಧ ಚದರಡಿಯಾದರೂ ಬೇಕು. ವೃತ್ತವನ್ನು ಹತ್ತಡಿ ಅಗಲಕ್ಕೆ ಬಿಚ್ಚಿದರೆ ಎಪ್ಪತ್ತೆಂಟು ಚದರಡಿಯಾಗಿ ಜಾಗ ಇಮ್ಮಡಿಯಾಗುತ್ತದೆ. ಇನ್ನೊಂದು ತಗಡು ಸೇರಿಸಿದರೆ ಮುಗಿಯುವ ಕೆಲಸ ಇದು. ಐದನೆಯ ವಾರಕ್ಕೆ ಒಂದೊಂದಕ್ಕೆ ಒಂದು ಚದರಡಿ ಬೇಕಾಗುವುದರಿಂದ, ಆ ಹೊತ್ತಿಗೆ ಗಾರ್ಡು ತೆಗೆದು ಕೋಣೆಯನ್ನೇ ಬಿಟ್ಟುಕೊಡಿ.

ತೊಟ್ಟಿಯ ಎರಡೂ ಬದಿ ಸೇರಿಸಿ ಮರಿಗೆ ಎರಡು ಅಂಗುಲ ಜಾಗವಿರಬೇಕು. ನಿಮ್ಮ ಎರಡು ತೊಟ್ಟಿಗಳಲ್ಲಿ ಒಟ್ಟಿಗೆ ತಿನ್ನಲು ನೂರು ಮರಿಗೂ ಜಾಗವಿಲ್ಲ. ಹೊರಗೆ ನಿಂತು ಕಾಯುವ ಮರಿಯ ಕಣ್ಣೆದುರಿಗೆ ಇರುವುದು ತಿನ್ನುವ ಮರಿಯ ಬಾಲ, ಕೊಕ್ಕು ಬೇರೆಲ್ಲಿಗೆ ಹೋಗಬೇಕು? ಇನ್ನೂ ಎರಡು ತೊಟ್ಟಿ ಇಡಿ. ಎಲ್ಲವನ್ನೂ ಒಂದೇ ಕಡೆ ಸಾಲಾಗಿ ಇಡದೆ, ಬಂಡಿಯ ಗಾಲಿಯ ಅರೆಕಾಲುಗಳಂತೆ ನಡುವಿನಿಂದ ಹೊರಕ್ಕೆ ಹಂಚಿಡಿ.

ಅಡಿಕೆಮನೆ, ತೀರ್ಥಹಳ್ಳಿ

ನಮ್ಮ ಮಲೆನಾಡಿನಲ್ಲಿ ಮರಿಗಳಿಗೆ ಶಾಖ ಸಾಲದು ಎನ್ನುವುದೇ ಮಳೆಗಾಲದ ಗೋಳು, ನಿಮ್ಮಲ್ಲಿ ಅದಕ್ಕೆ ತಿರುಗುಮುರುಗು. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಕೊಟ್ಟು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತಾ ಬರಬೇಕೆಂಬುದು ಎಲ್ಲರೂ ಬಲ್ಲ ಲೆಕ್ಕ. ಹಾಗೆ ನೋಡಿದರೆ ನಿಮ್ಮ ಮರಿಗಳಿಗೆ ಈಗ 85 ಸಾಕು. ಮಧ್ಯಾಹ್ನ ಅಟ್ಟದ ಕೆಳಗೆ ಗಾಳಿಯೇ 97 ಇರುವಾಗ ಬಲ್ಬು ಯಾಕೆ ಬೇಕು? ಹಗಲು ಆರಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ನೀರಿನ ಡ್ರಿಂಕರ್ ಇನ್ನೊಂದು ಇಡಿ. ಗೋಣಿಯ ನೀರು ಹೊಟ್ಟಿನ ಮೇಲೆ ತೊಟ್ಟಿಕ್ಕದಂತೆ ಮಾತ್ರ ನೋಡಿಕೊಳ್ಳಬೇಕು, ಒದ್ದೆ ಹೊಟ್ಟಿನಿಂದ ಏಳುವ ಘಾಟು ಮತ್ತು ರಕ್ತಭೇದಿ ಎರಡೂ ಮರಿಗಳಿಗೆ ಆಗುವುದಿಲ್ಲ. ಥರ್ಮಾಮೀಟರ್ ಗೋಡೆಯ ಮೇಲಿದ್ದರೆ ಏನೂ ಪ್ರಯೋಜನವಿಲ್ಲ, ಮರಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ. ಅದಕ್ಕಿಂತ ಒಳ್ಳೆಯ ಮಾಪಕ ಮರಿಗಳೇ: ಗಾರ್ಡಿನ ಅಂಚಿಗೆ ಸರಿದು ಬಾಯಿ ತೆರೆದು ರೆಕ್ಕೆ ಇಳಿಬಿಟ್ಟರೆ ಸೆಕೆ, ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಡ್ಡೆ ಬಿದ್ದರೆ ಚಳಿ, ಎಲ್ಲೆಡೆ ಹರಡಿ ಓಡಾಡಿಕೊಂಡಿದ್ದರೆ ಸರಿಯಾಗಿದೆ.

ಬೆಳಕಿನ ವಿಷಯವನ್ನು ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಶಾಖವನ್ನೂ ಬೆಳಕನ್ನೂ ಒಂದೇ ಎಂದುಕೊಂಡಿರುತ್ತಾರೆ. ಹೇಂಟೆಯ ಹೊಟ್ಟೆಯಡಿಯಲ್ಲಿ ಮರಿಗೆ ಸಿಗುವುದು ಶಾಖ ಮತ್ತು ಕತ್ತಲೆ. ಅಲ್ಲಿ ಮಲಗಿದ ಮರಿ ಯಾರ ಕಣ್ಣಿಗೂ ಬೀಳುವುದಿಲ್ಲ, ಹಸಿದದ್ದು ಹೊರಗೆ ಬಂದು ಮೇಯುತ್ತದೆ, ದಣಿದದ್ದು ಒಳಗೆ ನುಗ್ಗುತ್ತದೆ. ಸಾದಾ ಬಲ್ಬಿನ ಕೆಳಗೆ ಮಲಗಿದ ಮರಿಯ ಬಾಲ ಹಗಲಿನಷ್ಟೇ ಬೆಳಕಿನಲ್ಲಿ, ಎಚ್ಚರವಿರುವ ಮರಿಯ ಕೊಕ್ಕಿನ ಮುಂದೆಯೇ ಬಿದ್ದಿರುತ್ತದೆ. ನಾನು ಗಾರ್ಡಿನ ಒಂದು ಬದಿಯಲ್ಲಿ, ನೆಲದಿಂದ ಒಂದು ಗೇಣು ಎತ್ತರಕ್ಕೆ ಹಲಗೆ ಕೂರಿಸಿ, ಅದರ ಸುತ್ತ ಹಳೆಯ ಹತ್ತಿ ಸೀರೆಯ ಪಟ್ಟಿಗಳನ್ನು ಇಳಿಬಿಡುತ್ತೇನೆ. ಮರಿಗಳು ಆ ಪಟ್ಟಿಗಳನ್ನು ತಲೆಯಿಂದ ಸರಿಸಿಕೊಂಡು ಒಳಗೆ ಹೋಗಿ, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಹೊರಗಿನ ಬೆಳಕನ್ನು ಪತ್ರಿಕೆಯ ದಪ್ಪ ಅಕ್ಷರ ಓದುವಷ್ಟಕ್ಕೆ ಇಳಿಸಿ ರಾತ್ರಿ ಪೂರ್ತಿ ಕತ್ತಲೆ ಮಾಡುತ್ತೇನೆ, ಆದರೆ ಕತ್ತಲೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಬೇಕು. ಒಂದೇ ರಾತ್ರಿಗೆ ಆರಿಸಿದರೆ ಮರಿಗಳು ಗಾಬರಿಯಿಂದ ಮೂಲೆಗೆ ಗುಡ್ಡೆ ಬಿದ್ದು ಕೆಳಗಿನವು ಉಸಿರುಗಟ್ಟುತ್ತವೆ.

ರಾತ್ರಿ ಶಾಖ ಬೇಕೇ ಬೇಕು ಎನಿಸಿದರೆ ಕೆಂಪು ಇನ್‌ಫ್ರಾರೆಡ್ ಬಲ್ಬು ಅಥವಾ ಬೆಳಕೇ ಇಲ್ಲದ ಸೆರಾಮಿಕ್ ಹೀಟರ್ ಹಾಕಬಹುದು. ಕೆಂಪು ಬೆಳಕಿನಲ್ಲಿ ರಕ್ತ ಎದ್ದು ಕಾಣುವುದಿಲ್ಲ. ಸಾದಾ ಬಲ್ಬಿಗೆ ಕೆಂಪು ಕಾಗದ ಸುತ್ತುವ ಉಪಾಯವನ್ನು ಯಾರೂ ಮಾಡಬೇಡಿ, ಕೆಳಗೆ ಇರುವುದು ಒಣ ಹೊಟ್ಟು.

ಲೇಯರ್ ಸಾಕಣೆ, ಹೊಸಪೇಟೆ

ಎಲ್ಲರೂ ಜಾಗ ಮತ್ತು ಬೆಳಕಿನ ಬಗ್ಗೆ ಹೇಳಿದರು, ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನುಚ್ಚು. ಚಿಕ್ ಮ್ಯಾಶಿನಲ್ಲಿ ಪ್ರೋಟೀನು ಸುಮಾರು ಶೇ. 20 ಇರುತ್ತದೆ, ಮುಸುಕಿನ ಜೋಳದಲ್ಲಿ ಸುಮಾರು ಶೇ. 9. ಸಮಸಮ ಬೆರೆಸಿದರೆ ಮರಿಯ ಹೊಟ್ಟೆಗೆ ಹೋಗುವುದು ಶೇ. 14.5 ಮಾತ್ರ. ಮೈತುಂಬ ಗರಿ ಕಟ್ಟಿಕೊಳ್ಳುವ ವಯಸ್ಸಿನಲ್ಲಿಯೇ ಈ ಕಡಿತ ಆಗಿದೆ. ಗರಿಯೆಂದರೆ ಬಹುಪಾಲು ಪ್ರೋಟೀನೇ, ಅದರಲ್ಲೂ ಗಂಧಕವಿರುವ ಅಮೈನೊ ಆಮ್ಲಗಳು ಹೆಚ್ಚು. ಆ ಗುಂಪಿನ ಮಿಥಿಯೊನಿನ್ ಕಡಿಮೆಯಾದರೆ ಗರಿ ಸರಿಯಾಗಿ ಮೂಡುವುದಿಲ್ಲ, ಮರಿ ಪಕ್ಕದ್ದರ ಗರಿಯನ್ನೇ ಕಿತ್ತು ತಿನ್ನತೊಡಗುತ್ತದೆ. ಮ್ಯಾಶಿನ ಜೊತೆ ಉಪ್ಪು, ಖನಿಜ, ಜೀವಸತ್ವಗಳೂ ಅರ್ಧಕ್ಕೆ ಇಳಿದಿವೆ. ಬಹುಶಃ ಉಪ್ಪಿನ ನೀರಿನ ಸಲಹೆ ಕೊಟ್ಟವರು ಇಂಥದ್ದನ್ನೇ ಕಂಡಿದ್ದಿರಬೇಕು.

ಖರ್ಚು ಇಳಿಸಲೇಬೇಕಾದರೆ ಆರು ವಾರ ಕಳೆಯಲಿ. ಅದಕ್ಕೆ ಮೊದಲೇ ನುಚ್ಚು ಬೆರೆಸುವವರು ಪ್ರೋಟೀನನ್ನು ಬೇರೆ ಕಡೆಯಿಂದ ತುಂಬಬೇಕು. ಏಳು ಕೆಜಿ ಜೋಳದ ನುಚ್ಚಿಗೆ ಮೂರು ಕೆಜಿ ಸೋಯಾ ಹಿಂಡಿ ಸೇರಿಸಿದರೆ ಪ್ರೋಟೀನು ಶೇ. 20ರ ಹತ್ತಿರ ಬರುತ್ತದೆ, ಆದರೂ ಖನಿಜ ಮಿಶ್ರಣ ಮತ್ತು ಮಿಥಿಯೊನಿನ್ ಬೇರೆಯಾಗಿ ಬೆರೆಸದೆ ಅದು ಮರಿಯ ಮೇವು ಎನಿಸಿಕೊಳ್ಳುವುದಿಲ್ಲ. ಕಡಲೆಕಾಯಿ ಹಿಂಡಿ ಅಗ್ಗವೆಂದು ತಂದರೆ ಅದರಲ್ಲಿ ಮಿಥಿಯೊನಿನ್ ಇನ್ನೂ ಕಡಿಮೆ, ಬೂಷ್ಟು ಹಿಡಿದ ಹಿಂಡಿಯ ಅಫ್ಲಾಟಾಕ್ಸಿನ್ ವಿಷ ಮರಿಗಳ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಮನೆಯಲ್ಲಿ ಲೇಯರ್ ಮ್ಯಾಶ್ ಉಳಿದಿದ್ದರೆ ಅದನ್ನೂ ಇವಕ್ಕೆ ಹಾಕಬೇಡಿ, ಮೊಟ್ಟೆಯಿಡುವ ಕೋಳಿಗೆಂದು ಸೇರಿಸಿದ ಸುಣ್ಣದ ಅಂಶ ಮರಿಯ ಮೂತ್ರಪಿಂಡಕ್ಕೆ ಆಗುವುದಿಲ್ಲ.

ಕೊಕ್ಕು ಕತ್ತರಿಸುವ ಬಗ್ಗೆ ಕೇಳಿದ್ದೀರಿ. ಸಾವಿರಗಟ್ಟಲೆ ಕೋಳಿಗಳಿರುವ ಫಾರಮ್ಮುಗಳಲ್ಲಿ ಏಳರಿಂದ ಹತ್ತು ದಿನದೊಳಗೆ, ಕಾದ ಬ್ಲೇಡಿನ ಯಂತ್ರದಲ್ಲಿ, ಪಳಗಿದ ಕೈಯವರು ಮಾಡುತ್ತಾರೆ. ರಕ್ತ ನಿಲ್ಲಲೆಂದು ಮೊದಲೇ ವಿಟಮಿನ್ ಕೆ ಕೊಡುತ್ತಾರೆ, ಆಮೇಲೆ ಕೊಕ್ಕು ತೊಟ್ಟಿಯ ತಳಕ್ಕೆ ತಗುಲಿ ನೋಯದಂತೆ ಮೇವನ್ನು ದಪ್ಪನಾಗಿ ತುಂಬುತ್ತಾರೆ. ಆ ಸಂಖ್ಯೆಯಲ್ಲಿ ಸಾಕುವಾಗ ಅದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ನಿಮ್ಮ ನೂರೈವತ್ತು ಮರಿಗೆ, ಈ ವಯಸ್ಸಿನಲ್ಲಿ, ಮನೆಯ ಕತ್ತರಿಯಿಂದ ಯಾರೂ ಆ ಕೆಲಸಕ್ಕೆ ಇಳಿಯಬಾರದು.

ಕಾವುಕೋಳಿ, ಚಾಮರಾಜನಗರ

ಇಷ್ಟೆಲ್ಲ ಲೆಕ್ಕ ಹಾಕುವ ಬದಲು, ತಳಿಯನ್ನೇ ಬದಲಿಸಿದರೆ ಈ ತಾಪತ್ರಯವೇ ಇರುವುದಿಲ್ಲ ಎಂದು ನನ್ನ ನಂಬಿಕೆ. ನಮ್ಮ ಹಟ್ಟಿಗಳಲ್ಲಿ ನಾಟಿ ಹೇಂಟೆ ಕಾವಿಗೆ ಕೂತು ಹತ್ತು ಹನ್ನೆರಡು ಮರಿ ಮಾಡಿ, ಅವನ್ನು ಕರೆದುಕೊಂಡು ತಿಪ್ಪೆ ಕೆದಕುತ್ತಾ ತಿರುಗುತ್ತದೆ. ಸಂಜೆ ತಾಯಿ ಮರಿಗಳನ್ನೆಲ್ಲ ಮಂಕರಿಯಡಿ ಮುಚ್ಚಿದರೆ ಬೆಳಗಿನವರೆಗೆ ಸದ್ದಿಲ್ಲ. ಅವುಗಳಲ್ಲಿ ಒಂದು ಮರಿ ಇನ್ನೊಂದರ ಬಾಲ ಕಿತ್ತು ರಕ್ತ ಬರಿಸಿದ್ದನ್ನು ನಾನು ಕಂಡಿಲ್ಲ. ಬಣ್ಣದ ಮಿಶ್ರತಳಿಗಳನ್ನು ಪೆಟ್ಟಿಗೆಯಲ್ಲಿ ತಂದು ಸುರಿದರೆ ಹೀಗೆಯೇ ಆಗುವುದು.

ನಿವೃತ್ತ ಪಶುವೈದ್ಯ, ಮೈಸೂರು

ಚಾಮರಾಜನಗರದವರು ಕಂಡದ್ದು ನಿಜ, ಆದರೆ ಅದರ ಶ್ರೇಯಸ್ಸನ್ನು ತಳಿಗೆ ಕೊಟ್ಟದ್ದನ್ನು ನಾನು ಒಪ್ಪಲಾರೆ. ಸ್ವರ್ಣಧಾರ ಮತ್ತು ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆದ ತಳಿಗಳು, ಅವುಗಳನ್ನು ಹಿತ್ತಲಿನಲ್ಲಿ ಕುಕ್ಕಾಟವಿಲ್ಲದೆ ಸಾಕಿದ ನೂರಾರು ಮನೆಗಳಿವೆ. ಇನ್ನೊಂದು ಕಡೆ, ಅಪ್ಪಟ ನಮ್ಮ ನೆಲದ್ದೇ ಆದ ಅಸೀಲ್ ತಳಿಯ ಮರಿಗಳು ಚಿಕ್ಕ ವಯಸ್ಸಿನಿಂದಲೇ ಕಾದಾಡುವ ಸ್ವಭಾವದವು. ತಳಿಯಿಂದ ತಳಿಗೆ ವ್ಯತ್ಯಾಸ ಇದ್ದೇ ಇದೆ. ನಿಮ್ಮ ಹೇಂಟೆಯ ಮರಿಗಳು ಶಾಂತವಾಗಿರುವುದಕ್ಕೆ ಮುಖ್ಯ ಕಾರಣ, ಅವು ಹತ್ತೇ ಹನ್ನೆರಡು ಇರುವುದು, ದಿನವಿಡೀ ಕೊಕ್ಕಿಗೆ ತಿಪ್ಪೆಯ ಕೆಲಸ ಇರುವುದು ಮತ್ತು ಮಲಗುವ ಹೊತ್ತಿಗೆ ಕತ್ತಲೆ ಇರುವುದು. ಅವೇ ನಾಟಿ ಮರಿಗಳನ್ನು ನೂರೈವತ್ತರ ಲೆಕ್ಕದಲ್ಲಿ ಏಳಡಿ ತಗಡಿನೊಳಗೆ ಮುನ್ನೂರು ವ್ಯಾಟ್ ಬೆಳಕಿನಡಿ ಬಿಟ್ಟು ನೋಡಿ.

ತೀರ್ಥಹಳ್ಳಿಯ ಮೇಡಂ ಮಾಡಿರುವ ಕತ್ತಲ ಗೂಡು ಅದೇ ಮಂಕರಿಯ ಗುಣವನ್ನು ಬ್ರೂಡರಿಗೆ ತರುತ್ತದೆ, ಅದನ್ನು ಎಲ್ಲರೂ ಮಾಡಬಹುದು. ತಿಪ್ಪೆಯ ಗುಣವನ್ನೂ ತರಬಹುದು. ನುಗ್ಗೆ, ಅಗಸೆ ಅಥವಾ ಕುದುರೆಮೆಂತ್ಯದ ಸೊಪ್ಪನ್ನು ಸಣ್ಣ ಕಟ್ಟುಗಳಾಗಿ, ಮರಿ ಕತ್ತು ಚಾಚಿದರೆ ಸಿಗುವಷ್ಟು ಎತ್ತರಕ್ಕೆ, ನಾಲ್ಕೈದು ಕಡೆ ತೂಗುಬಿಡಿ. ತೋಟದಲ್ಲಿ ಬಾಳೆ ಇದ್ದರೆ ದಿಂಡನ್ನು ಉದ್ದಕ್ಕೆ ಸೀಳಿ ಇಡಿ, ಅದರ ಪದರಗಳನ್ನು ಬಿಡಿಸುತ್ತಾ ಗಂಟೆಗಟ್ಟಲೆ ನಿಲ್ಲುತ್ತವೆ. ಸೊಪ್ಪು ತಿನ್ನುವ ಮರಿಗೆ ಹೊಟ್ಟೆಯಲ್ಲಿ ಅರೆಯಲು ಒಂದು ಹಿಡಿ ದಪ್ಪ ಮರಳನ್ನೂ ಬೇರೆ ತಟ್ಟೆಯಲ್ಲಿ ಇಡಬೇಕು. ಗೆದ್ದಲು ಹತ್ತಿದ ತೆಂಗಿನ ಗರಿ ಸಿಕ್ಕರೆ ತಂದು ಕೊಡವಿ, ಪ್ರೋಟೀನೂ ಹೌದು, ಬೇಟೆಯೂ ಹೌದು. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಸಣ್ಣ ಸಸ್ಯವನ್ನು ಬೆಳೆಯುವವರು ಅದನ್ನು ಕೊಡಬಹುದು, ಆದರೆ ಹಸಿ ಅಜೋಲಾದಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಮ್ಯಾಶಿನ ಪ್ರೋಟೀನನ್ನು ಅದು ತುಂಬಿಕೊಡುತ್ತದೆ ಎಂದು ಭಾವಿಸಬಾರದು. ಅದರ ಉಪಯೋಗ ಇರುವುದು ಕೊಕ್ಕಿಗೆ ಕೆಲಸ ಕೊಡುವುದರಲ್ಲಿ.

ಕೊಕ್ಕಿನ ವಿಷಯದಲ್ಲಿ ಹೊಸಪೇಟೆಯವರ ಜೊತೆ ಅರ್ಧ ಮಾತ್ರ ಒಪ್ಪುತ್ತೇನೆ. ಕೊಕ್ಕಿನ ತುದಿಯಲ್ಲಿ ನರಗಳು ತುಂಬಿವೆ, ಅದು ಉಗುರು ಕತ್ತರಿಸಿದಂತೆ ನೋವಿಲ್ಲದ ಕೆಲಸವಲ್ಲ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ದೇಶಗಳು ಇದನ್ನು ನಿಷೇಧಿಸಿದ ಮೇಲೂ ಅಲ್ಲಿ ಮೊಟ್ಟೆ ಕೋಳಿ ಸಾಕಣೆ ನಡೆಯುತ್ತಿದೆ. ಹಿತ್ತಲಿನಲ್ಲಿ ಹುಳು ಹಿಡಿದು, ಹುಲ್ಲು ಕಿತ್ತು ಬದುಕಬೇಕಾದ ಕೋಳಿಗಂತೂ ಕೊಕ್ಕೇ ಕೈ.

ಲೇಯರ್ ಸಾಕಣೆ, ಹೊಸಪೇಟೆ

ಡಾಕ್ಟರರೇ, ಆ ದೇಶಗಳ ಚಳಿ, ಮುಚ್ಚಿದ ಮನೆ, ಹತೋಟಿಯ ಬೆಳಕು ನಮ್ಮ ಬಳ್ಳಾರಿ ಸೀಮೆಯ ತೆರೆದ ಶೆಡ್ಡುಗಳಿಗೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಬಿಸಿಲು ಅಡ್ಡಲಾಗಿ ಒಳಗೇ ಬೀಳುತ್ತದೆ, ಪರದೆ ಇಳಿಸಿದರೆ ಸೆಕೆಯಿಂದ ಸಾಯುತ್ತವೆ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ, ಇರಲಿ. ಪ್ರಶ್ನೆ ಕೇಳಿದವರಿಗೆ ಕೊಕ್ಕು ಕತ್ತರಿಸುವ ಅಗತ್ಯವಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತೆಂಗಿನತೋಟ, ತಿಪಟೂರು

ಎಲ್ಲರಿಗೂ ಕೃತಜ್ಞತೆಗಳು. ಗಾರ್ಡನ್ನು ಹತ್ತಡಿಗೆ ಹಿಗ್ಗಿಸಿದ್ದೇನೆ, ತೊಟ್ಟಿ ಹೆಚ್ಚಿಸಿದ್ದೇನೆ, ನುಚ್ಚು ನಿಲ್ಲಿಸಿ ಬರೀ ಮ್ಯಾಶ್ ಹಾಕುತ್ತಿದ್ದೇನೆ. ಹಗಲು ಬಲ್ಬು ಇಲ್ಲ, ರಾತ್ರಿ ಒಂದು ಕೆಂಪು ಬಲ್ಬು. ಹಲಗೆ ಮತ್ತು ಸೀರೆಯ ಗೂಡನ್ನೂ ಮಾಡಿದೆ. ಮೊದಲ ದಿನ ಒಂದೂ ಒಳಗೆ ಹೋಗಲಿಲ್ಲ, ಮರುದಿನ ಒಂದು ಹೋದದ್ದನ್ನು ನೋಡಿ ಉಳಿದವೂ ನುಗ್ಗಿದವು. ಹೊಸ ಗಾಯಗಳು ಬಹಳ ಕಡಿಮೆಯಾಗಿವೆ. ಬಾಳೆದಿಂಡಿನ ಸುತ್ತ ಯಾವಾಗಲೂ ಇಪ್ಪತ್ತು ಮೂವತ್ತು ಮರಿಗಳು ಇರುತ್ತವೆ.

ಆದರೆ ಎರಡು ವಿಷಯಗಳು ಉಳಿದಿವೆ. ಕಂದು ಬಣ್ಣದ ಒಂದು ಮರಿ ಮಾತ್ರ ಏನು ಮಾಡಿದರೂ ಚಟ ಬಿಟ್ಟಿಲ್ಲ, ಸೊಪ್ಪನ್ನು ಬಿಟ್ಟು ಬಾಲವನ್ನೇ ಹುಡುಕಿಕೊಂಡು ಹೋಗುತ್ತದೆ. ಎರಡನೆಯದಾಗಿ, ಪೆಟ್ಟಿಗೆಯಲ್ಲಿರುವ ಮರಿಗಳ ಗಾಯ ಒಣಗಿದೆ, ಅವನ್ನು ಯಾವಾಗ ಮತ್ತು ಹೇಗೆ ಒಳಗೆ ಬಿಡಬೇಕು?

ಅಡಿಕೆಮನೆ, ತೀರ್ಥಹಳ್ಳಿ

ಗಾಯ ಒಣಗಿದರೆ ಸಾಲದು, ಹಕ್ಕಳೆ ಬಿದ್ದು ಚರ್ಮದ ಮೇಲೆ ಹೊಸ ಗರಿಯ ಮೊನೆ ಕಾಣಬೇಕು. ಕಪ್ಪು ಹಕ್ಕಳೆಯೂ ಕೊಕ್ಕಿಗೆ ಆಹ್ವಾನವೇ. ಆಮೇಲೂ ನೇರವಾಗಿ ಬಿಡಬೇಡಿ. ಬ್ರೂಡರಿನೊಳಗೇ ಒಂದು ಮೂಲೆಗೆ ಕೋಳಿಬಲೆ ಅಡ್ಡ ಕಟ್ಟಿ ಅವನ್ನು ಅಲ್ಲಿ ಬಿಟ್ಟರೆ, ಎರಡೂ ಕಡೆಯವು ಒಂದನ್ನೊಂದು ನೋಡುತ್ತಾ, ಬಲೆಯ ಎರಡು ಬದಿಗೆ ನಿಂತು ಮೇವು ತಿನ್ನುತ್ತಾ ಪರಿಚಯವಾಗುತ್ತವೆ. ಕೆಲವು ದಿನ ಕಳೆದ ಮೇಲೆ, ಎಲ್ಲವೂ ಮಲಗಿದ ಹೊತ್ತಿನಲ್ಲಿ ಬಲೆ ತೆಗೆಯಿರಿ. ಒಂದೊಂದಾಗಿ ಬಿಡದೆ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ, ಹೊಸಬರೆಂದು ಒಂದೇ ಮರಿಯ ಮೇಲೆ ಎಲ್ಲವೂ ಬೀಳುವುದು ತಪ್ಪುತ್ತದೆ. ಬೆಳಗಿನ ಜಾವ ನೀವು ಅಲ್ಲಿ ಇರಲೇಬೇಕು, ತಕರಾರು ಶುರುವಾಗುವುದು ಮೊದಲ ಮೇವಿನ ಹೊತ್ತಿಗೆ.

ಜವಾರಿ ಕೋಳಿ, ರಾಣೆಬೆನ್ನೂರು

ಅಣ್ಣ, ಆ ಕಂದು ಮರಿಯನ್ನು ಹಿಡಿದು ಗಾಯದ ಮರಿಗಳ ಕಣ್ಣಿಗೂ ಬೀಳದಂತೆ ಬೇರೆ ಕಡೆ, ಅದಕ್ಕಿಂತ ದೊಡ್ಡ ಎರಡು ಮೂರು ಮರಿಗಳ ಜೊತೆ ಇಡಿ. ಕಲಿತ ಚಟವನ್ನು ಒಂದು ಮರಿ ಹತ್ತು ಮರಿಗೆ ಕಲಿಸುತ್ತದೆ, ಆದ್ದರಿಂದ ಅದನ್ನು ತೆಗೆಯುವುದು ಉಳಿದ ಎಲ್ಲ ಕೆಲಸಕ್ಕಿಂತ ಮುಖ್ಯ. ದೊಡ್ಡವುಗಳ ನಡುವೆ ಕೆಲವು ದಿನ ತಗ್ಗಿ ನಡೆದ ಮೇಲೆ ತಿರುಗಿ ತಂದರೆ, ಗುಂಪಿನಲ್ಲಿ ಅದರ ಹಳೆಯ ಮೇಲುಗೈ ಉಳಿದಿರುವುದಿಲ್ಲ. ಆಮೇಲೂ ಬಾಲ ಹುಡುಕಿದರೆ ಅದು ಹುಂಜವೋ ಹೇಂಟೆಯೋ ನೋಡಿ, ಹುಂಜವಾದರೆ ಬೇರೆಯಾಗಿಯೇ ಬೆಳೆಸಿ ಹಬ್ಬಕ್ಕೆ ಇಟ್ಟುಕೊಳ್ಳಿ.

ನಿವೃತ್ತ ಪಶುವೈದ್ಯ, ಮೈಸೂರು

ಮೇಲಿನ ಎರಡೂ ಸಲಹೆಗಳು ಸರಿಯಾಗಿವೆ. ಐದಾರು ವಾರಕ್ಕೆ ಹುಂಜದ ಮರಿಗಳು ಜುಟ್ಟು ಕೆಂಪೇರಿಸಿಕೊಂಡು ಎದೆಗೆ ಎದೆ ಕೊಟ್ಟು ನೆಗೆಯತೊಡಗುತ್ತವೆ, ಆಗ ಕುಕ್ಕಾಟ ಮತ್ತೆ ಬಂದಿತೆಂದು ಬಲ್ಬು, ಮೇವು ಯಾವುದನ್ನೂ ಬದಲಿಸಲು ಹೋಗಬೇಡಿ. ಪೆಟ್ಟು ತಲೆಗೆ ಬೀಳುತ್ತಿದ್ದು, ಸೋತದ್ದು ಓಡಿ ತಪ್ಪಿಸಿಕೊಳ್ಳಲು ಜಾಗವಿದ್ದರೆ ಸಾಕು. ಅದೇ ವಯಸ್ಸಿನಲ್ಲಿ ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ಅದನ್ನು ಗಾಯದ ರಕ್ತವೆಂದುಕೊಳ್ಳದೆ, ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.